ಹೊಸ ಮನೆಯೂ ಮರೆತುಹೋಗುವ ಸಣ್ಣ ಸಂಗತಿಗಳೂ

ನಮ್ಮ ಕಾಸರಗೋಡು ಸೀಮೆಯಲ್ಲಿ ದೀಪಾವಳಿ ಕಳೆದು ಮಳೆ ಹಿಂದೆಗೆಯಿತೆಂದರೆ ಮನೆ ಕಟ್ಟುವ ಕಾಲ ತೊಡಗಿತೆಂದೇ ಅರ್ಥ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ದಾರಿಗಳಲ್ಲಿ ಕೆಂಪುಕಲ್ಲು ಹೊತ್ತ ಲಾರಿಗಳ ಓಡಾಟ ಹೆಚ್ಚುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಮಾಡು ಏರಲೇಬೇಕೆಂಬ ಅವಸರ ಒಡೆಯನಿಗೂ ಮೇಸ್ತ್ರಿಗೂ ಸಮಾನ. ಈ ಆರೇಳು ತಿಂಗಳ ಗಡಿಬಿಡಿಯಲ್ಲಿ ಮುಂಬಾಗಿಲಿನ ಕೆತ್ತನೆಯ ಕುರಿತೂ ನೆಲದ ಹಾಸಿನ ಬಣ್ಣದ ಕುರಿತೂ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಬಚ್ಚಲಿನ ನೀರು ಎತ್ತ ಹರಿಯಬೇಕು, ಅಡಕೆ ಒಣಗಿಸುವ ಅಂಗಳಕ್ಕೆ ನೆರಳು ಬೀಳುವುದೇ ಎಂಬ ಪ್ರಶ್ನೆಗಳನ್ನು ಮಾತ್ರ ಕೇಳುವವರು ಕಡಮೆ. ಒಕ್ಕಲಾದ ಮೊದಲ ಆಟಿಯಲ್ಲಿ ಆ ಪ್ರಶ್ನೆಗಳು ತಾವಾಗಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಜೀವಮಾನದ ಉಳಿತಾಯವನ್ನೂ ಬ್ಯಾಂಕಿನ ಸಾಲವನ್ನೂ ಸುರಿದಾದ ಮೇಲೆ ತಿದ್ದುವುದಕ್ಕೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊತ್ತಮೊದಲು ನಿವೇಶನದ ಮಾತು. ನಮ್ಮಲ್ಲಿ ಸಮತಟ್ಟಾದ ನೆಲ ವಿರಳ. ಗುಡ್ಡೆಯ ಬದಿಯನ್ನು ಯಂತ್ರದಿಂದ ಕಡಿದು ತಟ್ಟು ಮಾಡುವುದು ಈಗಿನ ರೂಢಿ. ಹಿಂದೆ ನಿಂತ ಬರೆಯ ಬುಡಕ್ಕೆ ಒತ್ತಿ ಮನೆ ಕಟ್ಟಿದರೆ ಮಳೆಗಾಲದ ರಾತ್ರಿಗಳಲ್ಲಿ ನಿದ್ದೆ ಬರಲಾರದು. ಬರೆಗೂ ಹಿಂಗೋಡೆಗೂ ನಡುವೆ ಧಾರಾಳ ಅಂತರವಿರಬೇಕು. ಬರೆಯ ತಲೆಯಲ್ಲಿ ಅಡ್ಡ ಕಣಿ ತೋಡಿ ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಬರೆಗೆ ಗೋಡೆ ಕಟ್ಟುವುದಾದರೆ ಅದರಲ್ಲಿ ಅಲ್ಲಲ್ಲಿ ನೀರು ಸೋರುವ ತೂತುಗಳನ್ನು ಬಿಡಬೇಕು, ಏಕೆಂದರೆ ಗೋಡೆಯನ್ನು ದೂಡುವುದು ಮಣ್ಣಿಗಿಂತ ಹೆಚ್ಚಾಗಿ ಮಣ್ಣಿನಲ್ಲಿ ತುಂಬಿನಿಂತ ನೀರು. ನಮ್ಮ ಗುಡ್ಡೆಗಳ ಹೊಟ್ಟೆಯಲ್ಲಿ ಸುರಂಗಗಳಿವೆ ಎಂಬುದನ್ನೂ ಮರೆಯಬಾರದು. ಹಿರಿಯರು ಅಡ್ಡಲಾಗಿ ಕೊರೆದು ನೀರು ಕಂಡ ಆ ಸುರಂಗಗಳು ಇಂದಿಗೂ ಎಷ್ಟೋ ಮನೆಗಳ ಜೀವನಾಡಿ. ಯಂತ್ರ ತರಿಸುವ ಮುನ್ನ ನೆರೆಕರೆಯ ವೃದ್ಧರಲ್ಲಿ ಸುರಂಗದ ದಾರಿ ಯಾವುದೆಂದು ವಿಚಾರಿಸಿದರೆ ನೆರೆಯವರ ನೀರೂ ಉಳಿದೀತು, ಸ್ನೇಹವೂ ಉಳಿದೀತು.

ಕೆಂಪುಕಲ್ಲಿನ ಗುಣವನ್ನು ಅರಿತವರು ಅದರ ದೋಷವನ್ನೂ ಅರಿಯಬೇಕು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವುದು ಇದರ ವಿಶೇಷ. ಆದುದರಿಂದ ಕಡಿದು ತಂದ ಮರುದಿನವೇ ಕಟ್ಟುವುದಕ್ಕಿಂತ ಕೆಲವು ವಾರ ಗಾಳಿಗೆ ಬಿಟ್ಟು, ಬಿರಿದವನ್ನೂ ಬಿಳಿಮಣ್ಣು ತುಂಬಿದವನ್ನೂ ಬೇರ್ಪಡಿಸಿ ಕಟ್ಟುವುದು ಲೇಸು. ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಕಟ್ಟಿಸಿದ ಬೇಕಲ ಕೋಟೆ ಇದೇ ಕಲ್ಲಿನದು. ಸಾರಣೆಯಿಲ್ಲದೆಯೇ ಕಡಲ ಗಾಳಿಗೆ ನಿಂತಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಕೋಟೆಯ ಗೋಡೆಯ ದಪ್ಪವೆಲ್ಲಿ, ನಮ್ಮ ಒಂಟಿಕಲ್ಲಿನ ಗೋಡೆಯ ದಪ್ಪವೆಲ್ಲಿ! ಈ ಕಲ್ಲಿನ ಮೈಯೆಲ್ಲ ತೂತು, ನೀರನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಪಂಚಾಂಗದ ಮೇಲೆ, ಗೋಡೆ ಏಳುವ ಮೊದಲು, ಒಂದೂವರೆ ಎರಡು ಅಂಗುಲದ ಗಟ್ಟಿ ಕಾಂಕ್ರೀಟಿನ ಪದರವನ್ನು ನೀರುನಿರೋಧಕ ಬೆರೆಸಿ ಹಾಕದಿದ್ದರೆ ನೆಲದ ತೇವ ಗೋಡೆಯನ್ನೇರಿ, ಎಷ್ಟು ಬಾರಿ ಬಣ್ಣ ಬಳಿದರೂ ಸೊಂಟದೆತ್ತರದವರೆಗೆ ಹಪ್ಪಳದಂತೆ ಎದ್ದುಬರುತ್ತದೆ. ಆ ಪದರದ ಖರ್ಚು ಒಟ್ಟು ಖರ್ಚಿನಲ್ಲಿ ತೃಣಮಾತ್ರ. ಗೆದ್ದಲಿನ ಮದ್ದೂ ಹಾಗೆಯೇ: ನೆಲ ಹಾಸುವ ಮೊದಲೇ ಆಗಬೇಕಾದ ಕೆಲಸ, ಆದರೆ ಬಾವಿ ಹತ್ತಿರವಿದ್ದರೆ ತಿಳಿದವರನ್ನು ಕೇಳದೆ ಸುರಿಯಬಾರದು.

ಮಳೆಯ ವಿಷಯಕ್ಕೆ ಬರೋಣ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಲೆಕ್ಕ ಹಾಕಿ ನೋಡಿ: 100 ಚದರ ಮೀಟರ್ ಮಾಡಿನ ಮೇಲೆ ವರ್ಷದಲ್ಲಿ ಮೂರೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ಒಂದು ಗಂಟೆಯಲ್ಲಿ 5 ಸೆಂಟಿಮೀಟರ್ ಸುರಿದರೆ 5000 ಲೀಟರ್! ತಾರಸಿಯ ನಾಲ್ಕು ಮೂಲೆಗೆ ಎರಡಂಗುಲದ ಕೊಳವೆ ಇಟ್ಟು, ಅದಕ್ಕೆ ಒಂದು ಮಾವಿನೆಲೆ ಅಡ್ಡ ಬಂದರೆ ಆಗುವುದೇನೆಂದು ಹೇಳಬೇಕಾಗಿಲ್ಲ. ನಾಲ್ಕಂಗುಲದ ಕೊಳವೆಯೂ ಅದಕ್ಕೆ ಕಸ ತಡೆಯುವ ಜಾಳಿಗೆಯೂ ಇರಲಿ. ಸಜ್ಜದ ಅಡಿಯಂಚಿನಲ್ಲಿ ಬೆರಳು ಹಿಡಿಸುವಷ್ಟು ಒಂದು ಗೀರನ್ನು ಉದ್ದಕ್ಕೂ ಎಳೆದರೆ ಹನಿ ಅಲ್ಲಿಯೇ ಕಡಿದು ಕೆಳಗೆ ಬೀಳುತ್ತದೆ. ಗೀರಿಲ್ಲದಿದ್ದರೆ ನೀರು ಸಜ್ಜದ ಹೊಟ್ಟೆಯನ್ನು ಹಿಡಿದುಕೊಂಡು ಹೋಗಿ ಕಿಟಕಿಯ ದಾರಂದಕ್ಕೆ ಇಳಿಯುತ್ತದೆ. ಸಾರಣೆಯ ದಿನ ಮೇಸ್ತ್ರಿಗೆ ಅರ್ಧ ಗಳಿಗೆಯ ಕೆಲಸವಿದು. ಮಳೆಗಾಲದ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುವುದರಿಂದ ಆ ದಿಕ್ಕಿನ ಸಜ್ಜಗಳು ಉಳಿದವಕ್ಕಿಂತ ಅಗಲವಿರಬೇಕು. ಆಯ ನೋಡಿ, ವಾಸ್ತು ನೋಡಿ ಬಾಗಿಲನ್ನು ಅಂಗುಲದ ಲೆಕ್ಕದಲ್ಲಿ ಅತ್ತಿತ್ತ ಸರಿಸುವ ನಾವು, ಮಳೆಯ ದಿಕ್ಕನ್ನು ನೋಡದಿರುವುದು ಸೋಜಿಗವೇ ಸರಿ.

ಹಳೆಯ ಮನೆಗಳ ಇಳಿಜಾರು ಮಾಡಿಗೆ, ಅದು ಸೋಗೆಯದಾಗಲಿ ಮಂಗಳೂರು ಹಂಚಿನದಾಗಲಿ, ಈ ಚಿಂತೆ ಇರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳ ಬಣ್ಣವೇ ಬದಲಾಯಿತು. ಇಂದು ತಾರಸಿ ಹಾಕಿ, ಅದು ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಹೊದಿಸುವವರು ಊರೂರಿನಲ್ಲಿ ಕಾಣಸಿಗುತ್ತಾರೆ. ಹೇಗೂ ಎರಡನೆಯ ಮಾಡು ಹಾಕುವುದೇ ಆದರೆ ಮೊದಲೇ ಯೋಚಿಸಿ, ಕಂಬಗಳ ಬುಡವನ್ನು ತಾರಸಿಯೊಂದಿಗೆ ಎರಕಹೊಯ್ಯಿಸುವುದು ಜಾಣತನ. ಆಮೇಲೆ ತಾರಸಿಯನ್ನು ಕೊರೆದು ಮೊಳೆ ಹೊಡೆದರೆ ಹೊಸ ಸೋರಿಕೆಗೆ ತಾವೇ ದಾರಿ ಮಾಡಿಕೊಟ್ಟಂತೆ.

ಕಾಂಕ್ರೀಟಿನ ಬಗ್ಗೆ ಎರಡೇ ಮಾತು. ಅಳಿವೆಯ ಬಳಿಯ ಉಪ್ಪಿನಂಶದ ಮರಳು ಕಬ್ಬಿಣಕ್ಕೆ ಶತ್ರು. ಎರಕದ ಮೇಲೆ ಕನಿಷ್ಠ ಏಳು ದಿನ, ಈಗ ಸಾಮಾನ್ಯವಾದ ಬೂದಿಬೆರಕೆಯ ಸಿಮೆಂಟಾದರೆ ಹತ್ತು ದಿನ, ನೀರು ನಿಲ್ಲಿಸಿ ನೆನೆಸಲೇಬೇಕು. ಮಾರ್ಚ್ ತಿಂಗಳಲ್ಲಿ ಬಾವಿ ಬತ್ತಿದಾಗ ಆ ನೀರನ್ನು ಎಲ್ಲಿಂದ ತರುವುದೆಂದು ಎರಕದ ದಿನ ಗೊತ್ತುಮಾಡುವಾಗಲೇ ಯೋಚಿಸಬೇಕು.

ಬಾವಿಗೂ ಶೌಚಗುಂಡಿಗೂ ಇರುವ ದೂರದ ಪ್ರಶ್ನೆ ಆರೋಗ್ಯದ್ದು, ಅದರಲ್ಲಿ ರಾಜಿ ಸಲ್ಲದು. ಕೇರಳದ ಕಟ್ಟಡ ನಿಯಮಗಳು ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರ್ ಅಂತರವನ್ನು ವಿಧಿಸುತ್ತವೆ. ಅದು ಕನಿಷ್ಠ. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ನೀರು ಬಿರುಕು ತೂತುಗಳ ಮೂಲಕ ಬೇಗನೆ ದೂರ ಹರಿಯುವುದರಿಂದ ಜಾಗವಿದ್ದವರು ಇದರ ಎರಡು ಪಟ್ಟು ಬಿಡುವುದು ಕ್ಷೇಮ. ಗುಂಡಿ ಬಾವಿಗಿಂತ ತಗ್ಗಿನಲ್ಲಿರಬೇಕು. ನಿಮ್ಮ ಬಾವಿಯನ್ನಷ್ಟೇ ಅಳೆದರೆ ಸಾಲದು. ಬೇಲಿಯಾಚೆಯ ಬಾವಿಯ ನೀರನ್ನೂ ಮಕ್ಕಳೇ ಕುಡಿಯುತ್ತಾರೆ.

ಕೃಷಿಕರ ಮನೆಗೆ ಅಂಗಳವೆಂದರೆ ಶೋಭೆಯಲ್ಲ, ಕಾರ್ಯಾಗಾರ. ಅಡಕೆ ಒಣಗಲು ನಲುವತ್ತು ದಿನಗಳ ಬಿಸಿಲು ಬೇಕು. ಕೊಯ್ಲಿನ ಆ ತಿಂಗಳುಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ 20 ಅಡಿ ಎತ್ತರದ ಮನೆಯ ನೆರಳು ಬಡಗಣಕ್ಕೆ ಹದಿನಾಲ್ಕು ಅಡಿಗಿಂತ ಹೆಚ್ಚು ಚಾಚುತ್ತದೆ, ಬೆಳಗು ಸಂಜೆಗಳಲ್ಲಿ ಇನ್ನೂ ಉದ್ದ. ಒಂದಂತಸ್ತಿನ ಹಳೆಯ ಮನೆ ಕೆಡವಿ ಅದೇ ತಾವಿನಲ್ಲಿ ಎರಡಂತಸ್ತು ಏರಿಸುವವರು ಬಡಗಣ ದಿಕ್ಕಿನ ಅಂಗಳದ ಗತಿಯನ್ನು ಕೋಲು ನೆಟ್ಟು ನೋಡಿಕೊಳ್ಳಲಿ.

ಒಳಗಿನ ಸಂಗತಿಗಳಲ್ಲಿ ಅಡುಗೆಮನೆಯ ಕಟ್ಟೆಯ ಎತ್ತರವನ್ನು ಮೇಸ್ತ್ರಿ ತನ್ನ ರೂಢಿಯಂತೆ ನಿಶ್ಚಯಿಸುವುದು ನಮಗೆ ಸರಿಯೆನಿಸದು. ಅಡುಗೆ ಮಾಡುವವರು ನಿಂತು ಮೊಣಕೈ ಮಡಚಲಿ, ಅದಕ್ಕಿಂತ ಮೂರು ನಾಲ್ಕು ಅಂಗುಲ ಕೆಳಗೆ ಕಟ್ಟೆಯ ಮೇಲ್ಮೈ ಬರಲಿ. ದಿನಕ್ಕೆ ನಾಲ್ಕು ಗಂಟೆ, ಮೂವತ್ತು ವರ್ಷ ಅಲ್ಲಿ ನಿಲ್ಲುವವರ ಬೆನ್ನಿನ ಪ್ರಶ್ನೆಯಿದು. ಹೆರೆಮಣೆಯಿಡಲು, ಅರೆಯುವ ಯಂತ್ರ ನಿಲ್ಲಿಸಲು, ಮಳೆಗಾಲದ ಸೌದೆ ಒಣಗಿಡಲು ಸ್ಥಳವೆಲ್ಲಿ ಎಂದು ನಕ್ಷೆಯ ಮೇಲೆಯೇ ಕೇಳಿ. ಬಚ್ಚಲಿನ ಬಾಗಿಲನ್ನು ಎರಡೂವರೆ ಅಡಿಯೆಂದು ಆಚಾರಿಯು ಹೇಳಿದಾಗ ಅದು ದಾರಂದದ ಹೊರ ಅಳತೆ. ಒಳಗೆ ಸಿಗುವುದು ಎರಡಡಿ ಚಿಲ್ಲರೆ. ಮುಂದೊಂದು ದಿನ ಅಜ್ಜಿಯನ್ನು ಇಬ್ಬರು ಹಿಡಿದು ಕರೆದೊಯ್ಯಬೇಕಾದಾಗ, ಗಾಲಿಕುರ್ಚಿ ತರಬೇಕಾದಾಗ, ಆ ಆರಂಗುಲ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಕೆಳ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಒಂದು ಬಚ್ಚಲು ಇರಲೇಬೇಕು. ಮೆಟ್ಟಿಲುಗಳೆಲ್ಲ ಒಂದೇ ಎತ್ತರವಿರಲಿ. ಕೊನೆಯದೊಂದು ಅಂಗುಲ ಹೆಚ್ಚಾದರೂ ಕಾಲು ಎಡವುವುದು ಅಲ್ಲಿಯೇ.

ವಿದ್ಯುತ್ತಿಗೆ ಸಂಬಂಧಿಸಿ, ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗು ಸಿಡಿಲುಗಳನ್ನು ಬಲ್ಲ ನಾವು ಭೂಸಂಪರ್ಕದ ಗುಂಡಿಯನ್ನು ಬಚ್ಚಲಿನ ಹಿಂದೆ ಕಾಟಾಚಾರಕ್ಕೆ ತೋಡಿಸಬಾರದು. ಒಣಗಿದ ಕೆಂಪುಕಲ್ಲು ವಿದ್ಯುತ್ತನ್ನು ಸರಿಯಾಗಿ ಇಳಿಸದು, ಗುಂಡಿ ತೇವವಿರುವಲ್ಲಿಯೇ ಇರಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಸ್ವಿಚ್ಚು ಜೀವರಕ್ಷಕ. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು.

ಕೊನೆಗೆ ಕಾಗದಪತ್ರ. ಹೆಚ್ಚಿನ ಕಂಟ್ರಾಕ್ಟುದಾರರ ಕರಾರು ಮಲಯಾಳದಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತದೆ. ಮನೆಯ ಹಿರಿಯರು ಓದಲಾರದೆ, ನಂಬಿಕೆಯ ಮೇಲೆ ಸಹಿ ಹಾಕುತ್ತಾರೆ. ಸಾಲ ಕೊಟ್ಟ ಮಗ ಕೊಲ್ಲಿ ನಾಡಿನಲ್ಲಿ, ಕರಾರಿಗೆ ಸಹಿ ಹಾಕಿದ ತಂದೆ ಇಲ್ಲಿ. ವಿವಾದ ಬಂದಾಗ ಸಜ್ಜ, ಸಾರಣೆ, ಶೌಚಗುಂಡಿ ಚದರಡಿಯ ದರದಲ್ಲಿ ಸೇರಿದೆಯೇ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ. ಸಹಿಗೆ ಮೊದಲು ಕನ್ನಡದ ಪ್ರತಿಯೊಂದನ್ನು ಬರೆಸಿ, ಎರಡಕ್ಕೂ ಎರಡೂ ಕಡೆಯವರು ಸಹಿ ಮಾಡುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು 1969ರ ಕೇರಳ ಆಡಳಿತ ಭಾಷಾ ಶಾಸನ ಅವಕಾಶ ನೀಡಿದೆ. ಪರವಾನಗಿಯ ನಕ್ಷೆಗೂ ಕಟ್ಟಿದ ಮನೆಗೂ ವ್ಯತ್ಯಾಸ ಬಂದರೆ ಮನೆನಂಬ್ರ ಸಿಗಲು ತೊಡಕಾಗುತ್ತದೆ. ಆದುದರಿಂದ ನಡುವೆ ಕೋಣೆಯೊಂದನ್ನು ಹೆಚ್ಚಿಸಬೇಕೆನಿಸಿದರೆ ಮೊದಲು ನಕ್ಷೆಯನ್ನು ತಿದ್ದಿಸಿ ಅನುಮತಿ ಪಡೆಯಬೇಕು. ಸಾರಣೆಗೆ ಮುನ್ನ ಪ್ರತಿ ಗೋಡೆಯ ಬಳಿ ಅಳತೆಯ ಪಟ್ಟಿ ಹಿಡಿದು, ತಂತಿ ಕೊಳವೆಗಳು ಹೋದ ದಾರಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಅಚ್ಚು ಹಾಕಿಸಿ, ಕರಾರಿನ ಜೊತೆಗೇ ಕಪಾಟಿನಲ್ಲಿ ಇಟ್ಟುಕೊಳ್ಳಿ.