ಅಜ್ಜಿ ಹಾಡುತ್ತಿದ್ದಳು

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಎಪ್ಪತ್ತು ದಾಟಿದ ಮೇಲೆ ಲಕಮನಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೂತು ಸ್ಪ್ಯಾನಿಷ್ ವ್ಯಾಕರಣ ಕಲಿಯುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಮೆರಿಕದಲ್ಲಿರುವ ಮೊಮ್ಮಗ ಪ್ರತಿ ರವಿವಾರ ಫೋನಿನಲ್ಲಿ "ಹಾಯ್ ಅಜ್ಜಾ" ಅಂದು ಸುಮ್ಮನಾಗುತ್ತಿದ್ದ. ಅವನ ಕನ್ನಡ ಅಲ್ಲಿಗೇ ಮುಗಿಯುತ್ತಿತ್ತು. ಒಂದು ರವಿವಾರ ಮುಖ ಸಣ್ಣದು ಮಾಡಿಕೊಂಡಿದ್ದ. ಸ್ಪ್ಯಾನಿಷ್ ಪರೀಕ್ಷೆಯಲ್ಲಿ ಭೂತಕಾಲವೆಲ್ಲ ತಪ್ಪಾಗಿತ್ತಂತೆ.

"ಯಾವ ವಾಕ್ಯ ತಪ್ಪಾತು, ಓದು ನೋಡೋಣ" ಅಂದೆ.

"ಅಜ್ಜಿ ದಿನಾಲೂ ಹಾಡುತ್ತಿದ್ದಳು" ಎಂದು ಬರೆಯಬೇಕಾದಲ್ಲಿ "ಹಾಡಿದಳು" ಎಂದು ಬರೆದಿದ್ದ. ಇಂಗ್ಲಿಷಿನಲ್ಲಿ 'ಸ್ಯಾಂಗ್' ಎಂಬ ಒಂದೇ ಮಾತು ಎರಡಕ್ಕೂ ನಡೆಯುತ್ತದೆ. ಸ್ಪ್ಯಾನಿಷಿನಲ್ಲಿ ನಡೆಯದು. ನಮ್ಮ ಕನ್ನಡದಲ್ಲೂ ನಡೆಯದು!

ಮಕ್ಕಳೇ, ಬ್ಯಾಂಕಿನ ಮಾತಿನಲ್ಲಿ ಹೇಳುತ್ತೇನೆ. 'ಹಾಡಿದಳು' ಎಂದರೆ ಒಂದು ದಿನದ ಒಂದು ಚೀಟಿ. ಹಣ ಕಟ್ಟಿದ್ದಾಯಿತು, ಮುಗಿಯಿತು. 'ಹಾಡುತ್ತಿದ್ದಳು' ಎಂದರೆ ವರ್ಷಗಟ್ಟಲೆ ನಡೆದ ಉಳಿತಾಯ ಖಾತೆ.

ಸ್ಪ್ಯಾನಿಷಿನಲ್ಲಿ ಹಾಡುವುದಕ್ಕೆ 'ಕಾಂತಾರ್' ಎನ್ನುತ್ತಾರೆ. ನಗಬೇಡಿ, ಇದು ಸಿನಿಮಾ ಅಲ್ಲ! ಕೊನೆಯ 'ಆರ್' ತೆಗೆದು 'ಆಬಾ' ಸೇರಿಸಿದರೆ ಖಾತೆ ತೆರೆದಂತೆ:

ನಾನು – ಕಾಂತಾಬಾ
ನೀನು – ಕಾಂತಾಬಾಸ್
ಅವನು, ಅವಳು – ಕಾಂತಾಬಾ
ನಾವು – ಕಾಂತಾಬಾಮೋಸ್
ನೀವು – ಕಾಂತಾಬಾಯಿಸ್
ಅವರು – ಕಾಂತಾಬಾನ್

'ಎರ್', 'ಇರ್' ಎಂದು ಮುಗಿಯುವ ಕ್ರಿಯಾಪದಗಳಿಗೆ 'ಈಆ' ಸೇರುತ್ತದೆ. 'ಕೊಮೆರ್' ಎಂದರೆ ತಿನ್ನುವುದು. 'ಕೊಮೀಆ' ಎಂದರೆ ತಿನ್ನುತ್ತಿದ್ದೆ. ಈ ಕಾಲದಲ್ಲಿ ನಿಯಮ ಮುರಿಯುವ ಕ್ರಿಯಾಪದಗಳು 3 ಮಾತ್ರ: ಸೆರ್ (ಇರು), ಇರ್ (ಹೋಗು), ಬೆರ್ (ನೋಡು).

ಇನ್ನೊಂದು ಮೋಜು ನೋಡಿ. ಅವರಲ್ಲಿ 'ನಾನು', 'ಅವನು' ಎರಡಕ್ಕೂ ಒಂದೇ ರೂಪ. ಪುಸ್ತಕದ ಕನ್ನಡದಲ್ಲಿ 'ನಾನು ಹಾಡುತ್ತಿದ್ದೆ', 'ನೀನು ಹಾಡುತ್ತಿದ್ದೆ' ಒಂದೇ. ನಮ್ಮ ಧಾರವಾಡದ ಮಾತಿನಲ್ಲಿ ಮಾತ್ರ 'ನಾ ಹಾಡತಿದ್ದೆ, ನೀ ಹಾಡತಿದ್ದಿ' ಎಂದು ಬೇರೆಬೇರೆ!

ಮೊಮ್ಮಗನಿಗೆ ಹೇಳಿದೆ: "ಉತ್ತರ ಬರೆಯೋ ಮುಂಚೆ ಕನ್ನಡದಾಗ ಒಮ್ಮೆ ಹೇಳಿಕೋ. 'ತಿದ್ದ' ಅಂತ ಬಂತಂದ್ರ ಆಬಾ ಇಲ್ಲಾ ಈಆ ಹಾಕು."

ಸ್ವಲ್ಪ ಹೊತ್ತು ತುಟಿ ಅಲುಗಾಡಿಸುತ್ತ ಕೂತ. ಆಮೇಲೆ ತಡವರಿಸುತ್ತ ಕೇಳಿದ: "ಅಜ್ಜಾ... ಅಜ್ಜಿ ಏನ್ ಹಾಡತಿದ್ಲು?"

ಅವಳು ತೀರಿಕೊಂಡಾಗ ಅವನಿನ್ನೂ ತೊಟ್ಟಿಲ ಕೂಸು. ಅವಳ ಧ್ವನಿ ಅವನಿಗೆ ಗೊತ್ತಿಲ್ಲ. ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕುತ್ತಿದ್ದಳು, ರಂಗೋಲಿ ಇಡುತ್ತ ದೇವರ ನಾಮ ಹಾಡುತ್ತಿದ್ದಳು, ನಡುವೆ ಸಾಲು ಮರೆತರೆ ತಾನೇ ಒಂದು ಕಟ್ಟಿ ಸೇರಿಸುತ್ತಿದ್ದಳು ಎಂದೆಲ್ಲ ಹೇಳಿದೆ. ಅಂದು ಫೋನ್ ಮುಕ್ಕಾಲು ಗಂಟೆ ನಡೆಯಿತು.

ಮಕ್ಕಳೇ, ನೀವೂ ಇವತ್ತು ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ: "ಸಣ್ಣವರಿದ್ದಾಗ ಏನು ಮಾಡುತ್ತಿದ್ದಿರಿ?" ಆಮೇಲೆ ಅವರ ಉತ್ತರದಲ್ಲಿ ಎಷ್ಟು 'ತಿದ್ದೆ' ಬಂದವು, ಎಣಿಸಿ ನೋಡಿ.