ನಮ್ಮ ಗುಳಿಗಿ ನಾಯಿಗೆ ಬ್ಯಾಡ

ಕೊಹಿನೂರ ಸುತ್ತಿನ ಊರುಗಳಲ್ಲಿ ತೊಗರಿ, ಜೋಳದ ಹೊಲವಿದ್ದ ಬಹಳ ಮನೆಗಳಲ್ಲಿ ಒಂದು ನಾಯಿ ಇರುತ್ತದೆ. ರಾತ್ರಿ ಹಂದಿ ಬಂದರೆ ಬೊಗಳಿ ಎಬ್ಬಿಸುವುದು ಅದೇ. ಒಂದು ದಿನ ಅದು ಕುಂಟುತ್ತ ಬಂತು ಅನ್ನಿರಿ. ಮನೆಯವರಿಗೆ ಕರುಳು ಚುರ್ ಅನ್ನುತ್ತದೆ. ಮೈಕೈ ನೋವಿಗೆಂದು ತಂದ ಗುಳಿಗಿ ಮಾಡದಲ್ಲಿ ಇದ್ದೇ ಇರುತ್ತದೆ, ರೊಟ್ಟಿಯಲ್ಲಿಟ್ಟು ಹಾಕಿಬಿಡುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸ, ಖರೆ. ಆದರೆ ಇದರಿಂದಲೇ ನಾಯಿ ಸತ್ತೂ ಹೋದೀತು.

ಅದು ಹ್ಯಾಗ ಅಂತ ಕೇಳುವಿರಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂಥ ಗುಳಿಗಿಗಳು ಮೈಯಲ್ಲಿ ನೋವು, ಬಾವು ತರುವ ಒಂದು ರಸವನ್ನು ತಡೆಯುತ್ತವೆ. ಅದೇ ಜಾತಿಯ ರಸ ಹೊಟ್ಟೆಯ ಒಳಪದರನ್ನೂ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುತ್ತದೆ. ಅದು ನಿಂತರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ತೂಕದ ಲೆಕ್ಕವನ್ನೂ ಹಾಕಿ ನೋಡ್ರಿ. 400 ಮಿಲಿಗ್ರಾಮಿನ ಗುಳಿಗಿ 60 ಕಿಲೊ ತೂಕದ ಆಳಿಗೆ ಕಿಲೊಕ್ಕೆ ಏಳೂ ಬೀಳುವುದಿಲ್ಲ. 10 ಕಿಲೊ ನಾಯಿಗೆ ಕಿಲೊಕ್ಕೆ 40 ಬೀಳುತ್ತದೆ. ಮೇಲಾಗಿ ನಾಯಿಯ ಮೈಯಿಂದ ಅದು ನಮ್ಮಷ್ಟು ಬೇಗ ಹೊರಗೆ ಹೋಗುವುದಿಲ್ಲ. ಜ್ವರದ ಪ್ಯಾರಾಸಿಟಮಾಲ್ ಹೆಚ್ಚಾದರೆ ನಾಯಿಯ ಲಿವರ್ ಕೆಡುತ್ತದೆ. ಬೆಕ್ಕಿಗಂತೂ ಒಂದೇ ಗುಳಿಗಿಯಿಂದ ಪ್ರಾಣ ಹೋದೀತು.

ಡೈಕ್ಲೋಫೆನಾಕಿನ ಕತೆ ಇನ್ನೂ ದೊಡ್ಡದು. ಈ ಔಷಧಿ ಕೊಟ್ಟ ದನ ಸತ್ತಾಗ ಅದರ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ದೇಶದಲ್ಲಿ ಅವುಗಳ ಸಂತತಿಯೇ ಕುಸಿಯಿತು. ಅದಕ್ಕೇ 2006ರಲ್ಲಿ ಸರಕಾರ ಪಶುಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ದನಕ್ಕೆ ತಡೆದದ್ದು ಹದ್ದಿಗೆ ತಡೆಯಲಿಲ್ಲ, ನೋಡ್ರಿ.

ಈಗಾಗಲೇ ಗುಳಿಗಿ ಹಾಕಿದ್ದರೆ ಲಕ್ಷಣ ಕಾಣಲಿ ಅಂತ ಕಾಯಬ್ಯಾಡ್ರಿ. ವಾಂತಿ, ಕೂಳು ಬಿಡುವುದು, ಡಾಂಬರಿನಂಥ ಕರಿ ಮಲ ಇವು ಕಾಣುವ ಹೊತ್ತಿಗೆ ಒಳಗೆ ಹಾನಿ ಆಗಿರುತ್ತದೆ. ಗುಳಿಗಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ದನದ ದವಾಖಾನಿಗೆ ನಡೆಯಿರಿ. ಎಷ್ಟು ಹಾಕಿದಿರಿ, ಎಷ್ಟು ಹೊತ್ತಾಯಿತು ಎಂಬುದನ್ನು ಮುಚ್ಚದೆ ಹೇಳಿರಿ. ದೂರವಿದ್ದವರು 1962ಕ್ಕೆ ಫೋನ್ ಮಾಡಿ ಕೇಳಬಹುದು. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬ್ಯಾಡ್ರಿ, ಅದೂ ವಿಷವಾದೀತು.

ಬರೀ ಕುಂಟುತ್ತಿದ್ದರೆ ಓಡಾಡದಂತೆ ನೆರಳಲ್ಲಿ ಕಟ್ಟಿ, ನೀರಿಡಿರಿ. ನೋವು ಅಡಗಿದ ನಾಯಿ ಮುರಿದ ಕಾಲಿನ ಮೇಲೆಯೇ ಓಡಿಬಿಡುತ್ತದೆ. ನಾಯಿಯ ತೂಕ ನೋಡಿ ಕೊಡುವ ನೋವಿನ ಔಷಧಿ ಪಶುವೈದ್ಯರ ಹತ್ತಿರ ಬೇರೆಯೇ ಇದೆ. ಅದಕ್ಕೂ ಮೊದಲು ಪಾದದ ಬೆರಳ ಸಂದಿ ನೋಡಿರಿ. ಎಷ್ಟೋ ಸಲ ಅಲ್ಲಿ ಜಾಲಿಮುಳ್ಳು ಮುರಿದು ಕುಂತಿರುತ್ತದೆ. ಮುಳ್ಳು ತೆಗೆಯುವಾಗ ಬಾಯಿಗೆ ಮೆತ್ತನ್ನ ಅರಿವಿ ಸುತ್ತಿರಿ. ನೋವಾದರೆ ಸಾಕಿದ ನಾಯಿಯೂ ಕಚ್ಚುತ್ತದೆ.