ಹಾದಿ ಒಂದು, ಒಡೆಯರು ಐವರು

ಮೈಸೂರಿನಿಂದ ಮಾನಂದವಾಡಿಯ ದಿಕ್ಕಿಗೆ ಹೊರಟ ರಾಜ್ಯ ಹೆದ್ದಾರಿಯು ಹಂಪಾಪುರವನ್ನು ದಾಟಿ ಹೆಗ್ಗಡದೇವನಕೋಟೆಯ ಸಮೀಪಕ್ಕೆ ಬಂದಾಗ ಹ್ಯಾಂಡ್‌ಪೋಸ್ಟ್ ಎಂಬ ಕೂಡುಸ್ಥಳ ಎದುರಾಗುತ್ತದೆ. ದಾರಿ ತೋರಿಸುವ ಕಂಬಕ್ಕೆ ಇಂಗ್ಲಿಷಿನಲ್ಲಿರುವ ಹೆಸರೇ ಇಲ್ಲಿ ಊರಿನ ಹೆಸರಾಗಿದೆ. ಕರಾವಳಿಯ ಜನ ಇಂತಹ ಜಾಗವನ್ನು ಕೈಕಂಬ ಎನ್ನುತ್ತಾರೆ. ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಂಬ ಹೇಳುತ್ತದೆ. ಯಾವ ದಾರಿ ಯಾರದು, ಅದು ಕೆಟ್ಟರೆ ಯಾರನ್ನು ಕೇಳಬೇಕು ಎಂಬುದನ್ನು ಹೇಳುವ ಕಂಬ ಮಾತ್ರ ನಮ್ಮ ಜಿಲ್ಲೆಗಳಲ್ಲಿ ಅಪರೂಪ.

ಇದು ಕುತೂಹಲದ ಪ್ರಶ್ನೆಯಷ್ಟೇ ಎಂದು ಭಾವಿಸುವವರು ಒಂದು ಪ್ರಯಾಣವನ್ನು ಊಹಿಸಿಕೊಳ್ಳಲಿ. ನಾಗರಹೊಳೆ ಕಾಡಿನಂಚಿನ ಹಾಡಿಯೊಂದರಿಂದ ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳೊಬ್ಬಳನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಗಿದೆ. ಹಾಡಿಯಿಂದ ಹೊರಡುವ ಮಣ್ಣಿನ ದಾರಿ ಅರಣ್ಯ ಇಲಾಖೆಯದು. ಮುಂದಿನ ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಯದು. ಅಲ್ಲಿಂದ ಮುಖ್ಯರಸ್ತೆಯನ್ನು ಸೇರುವ ಡಾಂಬರು ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯ ಸುಪರ್ದಿನಲ್ಲಿದೆ. ಹಂಪಾಪುರವನ್ನು ಹಾದುಹೋಗುವ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಆಸ್ಪತ್ರೆಯ ಬಾಗಿಲು ಮುಟ್ಟಿಸುವ ಬೀದಿ ಮಹಾನಗರ ಪಾಲಿಕೆಯದು. ನಡುವೆ ನಾಲೆಯ ಏರಿಯ ಮೇಲೆ ಒಂದಷ್ಟು ದೂರ ಸಾಗಬೇಕಾಗಿ ಬಂದರೆ ನೀರಾವರಿ ನಿಗಮವೂ ಸೇರಿಕೊಳ್ಳುತ್ತದೆ. ಆ ತಾಯಿಗೆ ಇದು ಒಂದೇ ಹಾದಿ. ಸರ್ಕಾರದ ಕಡತದಲ್ಲಿ ಇದಕ್ಕೆ ಐವರು ಒಡೆಯರು, ಐದು ಲೆಕ್ಕಶೀರ್ಷಿಕೆಗಳು. ಹಾದಿಯ ಬಲವನ್ನು ನಿರ್ಧರಿಸುವುದು ಅದರ ಅತ್ಯಂತ ದುರ್ಬಲವಾದ ಒಂದು ಕಿಲೋಮೀಟರು. ಆ ಒಂದು ಕಿಲೋಮೀಟರು ಸಾಮಾನ್ಯವಾಗಿ ಅತ್ಯಂತ ಬಡ ಒಡೆಯನ ಪಾಲಿನದಾಗಿರುತ್ತದೆ.

ಒಡೆತನದ ಈ ವಿಂಗಡಣೆ ಇಂದು ನಿನ್ನೆಯದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಸಂಸ್ಥಾನದ ಬೊಕ್ಕಸದಿಂದ ನಡೆಯುವ ಪ್ರಾವಿನ್ಷಿಯಲ್ ರಸ್ತೆಗಳು ಬೇರೆ, ಜಿಲ್ಲಾ ನಿಧಿಯಿಂದ ನಡೆಯುವ ಡಿಸ್ಟ್ರಿಕ್ಟ್ ಫಂಡ್ ರಸ್ತೆಗಳು ಬೇರೆ ಆಗಿದ್ದವು. ಇಂದಿನ ವಿಂಗಡಣೆಯ ಮೂಲ 1943ರಲ್ಲಿ ನಾಗಪುರದಲ್ಲಿ ಸೇರಿದ್ದ ಮುಖ್ಯ ಎಂಜಿನಿಯರುಗಳ ಸಮ್ಮೇಳನ. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ, ಇತರೆ ಜಿಲ್ಲಾ ರಸ್ತೆ, ಗ್ರಾಮೀಣ ರಸ್ತೆ ಎಂಬ ಐದು ದರ್ಜೆಗಳನ್ನು ಗೊತ್ತುಪಡಿಸಿದ್ದು ಅಲ್ಲಿಯೇ. ಸಂವಿಧಾನವು ರಾಷ್ಟ್ರೀಯ ಹೆದ್ದಾರಿಗಳನ್ನು ಕೇಂದ್ರಕ್ಕೂ ಉಳಿದ ರಸ್ತೆಗಳನ್ನು ರಾಜ್ಯಗಳಿಗೂ ಹಂಚಿತು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯು ರಸ್ತೆ, ಮೋರಿ, ಸೇತುವೆಗಳನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಗೆ ಸೇರಿಸಿತು.

ಮೈಲಿಗಲ್ಲಿನ ತಲೆಯ ಬಣ್ಣವನ್ನು ಗಮನಿಸುವವರಿಗೆ ಈ ಶ್ರೇಣಿಯ ಪರಿಚಯವಿರುತ್ತದೆ. ಸಾಮಾನ್ಯವಾಗಿ ಹಳದಿ ರಾಷ್ಟ್ರೀಯ ಹೆದ್ದಾರಿಗೆ, ಹಸಿರು ರಾಜ್ಯ ಹೆದ್ದಾರಿಗೆ, ಕಿತ್ತಳೆ ಗ್ರಾಮೀಣ ರಸ್ತೆಗೆ. ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಮಡಿಕೇರಿಯ ಕಡೆಗೆ ಸಾಗುವ 275ನೇ ಸಂಖ್ಯೆಯದು ರಾಷ್ಟ್ರೀಯ ಹೆದ್ದಾರಿ. ಬಿಳಿಕೆರೆಯಲ್ಲಿ ಅದರಿಂದ ಕವಲೊಡೆದು ಹಾಸನ, ಬೇಲೂರಿನತ್ತ ಹೋಗುವ 373ನೆಯದೂ ಹಾಗೆಯೇ. ಬಣ್ಣದ ಹಿಂದೆ ಅಳತೆಯಿದೆ. ಬಯಲು ಸೀಮೆಯ ತೆರೆದ ಪ್ರದೇಶದಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಗೆ 45 ಮೀಟರು, ಜಿಲ್ಲಾ ಮುಖ್ಯರಸ್ತೆಗೆ 25, ಇತರೆ ಜಿಲ್ಲಾ ರಸ್ತೆಗೆ 15, ಗ್ರಾಮೀಣ ರಸ್ತೆಗೆ 12 ಮೀಟರು ಅಗಲದ ಜಾಗವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಅಳತೆಯ ಹಿಂದೆ ಹಣವಿದೆ. ದರ್ಜೆ ಇಳಿದಂತೆ ಜಾಗ, ಜಲ್ಲಿಯ ದಪ್ಪ, ನಿರ್ವಹಣೆಯ ಅನುದಾನ ಎಲ್ಲವೂ ಇಳಿಯುತ್ತವೆ.

ಆದರೆ ರಸ್ತೆಯನ್ನು ಅಳೆಯಲು ಇನ್ನೊಂದು ಕೋಲೂ ಇದೆ. ಯಾರದು ಎಂದು ಕೇಳುವ ಬದಲು ಏನು ಮಾಡುತ್ತದೆ ಎಂದು ಕೇಳುವ ಕೋಲು ಅದು. ಈ ದೃಷ್ಟಿಯಲ್ಲಿ ರಸ್ತೆಯ ಕೆಲಸಗಳು ಮೂರು. ದೂರದ ವಾಹನಗಳನ್ನು ತಡೆಯಿಲ್ಲದೆ ಮುಂದಕ್ಕೆ ಸಾಗಿಸುವುದು ಒಂದು. ಹಳ್ಳಿಗಳ ಸಂಚಾರವನ್ನು ಒಟ್ಟುಗೂಡಿಸಿ ಮುಖ್ಯರಸ್ತೆಗೆ ತಂದು ಕೂಡಿಸುವುದು ಮತ್ತೊಂದು. ಮನೆ, ಅಂಗಡಿ, ಶಾಲೆ, ಹೊಲದ ಬಾಗಿಲಿಗೆ ತಲುಪಿಸುವುದು ಮೂರನೆಯದು. ಸಾಗಿಸುವ ಗುಣ ಹೆಚ್ಚಾದಷ್ಟೂ ತಲುಪಿಸುವ ಗುಣ ಕಡಿಮೆಯಾಗಬೇಕಾಗುತ್ತದೆ. ವೇಗವಾಗಿ ಹೋಗುವ ಲಾರಿಗೂ ಅಂಗಳದಲ್ಲಿ ಆಡುವ ಮಗುವಿಗೂ ಒಂದೇ ನೆಲ ಒಪ್ಪುವುದಿಲ್ಲ. ನೆದರ್‌ಲೆಂಡ್ಸ್ ದೇಶವು 1990ರ ದಶಕದಲ್ಲಿ ತನ್ನ ರಸ್ತೆ ಸುರಕ್ಷತಾ ನೀತಿಯನ್ನು ಈ ತತ್ತ್ವದ ಮೇಲೆಯೇ ಕಟ್ಟಿತು. ಪ್ರತಿ ರಸ್ತೆಗೂ ಒಂದು ಮುಖ್ಯ ಕೆಲಸವನ್ನು ಗೊತ್ತುಮಾಡಿ, ಆ ಕೆಲಸಕ್ಕೆ ತಕ್ಕ ರೂಪವನ್ನೂ ವೇಗವನ್ನೂ ಕೊಡಬೇಕೆಂಬುದು ಅದರ ತಿರುಳು.

ಹಂಪಾಪುರದ ಮುಖ್ಯ ಬೀದಿಗೆ ಈ ಕೋಲನ್ನು ಹಿಡಿದು ನೋಡೋಣ. ಕಡತದಲ್ಲಿ ಅದು ರಾಜ್ಯ ಹೆದ್ದಾರಿ. ಅದರ ಕೆಲಸ ಸಾಗಿಸುವುದು. ನೆಲದ ಮೇಲೆ ಅದು ಹೋಬಳಿ ಕೇಂದ್ರವೊಂದರ ಪೇಟೆ ಬೀದಿ. ಬಸ್ಸಿಗೆ ಕಾಯುವವರು, ಗೊಬ್ಬರದ ಮೂಟೆ ಇಳಿಸುವವರು, ಶಾಲೆ ಬಿಟ್ಟು ರಸ್ತೆ ದಾಟುವ ಮಕ್ಕಳು ಎಲ್ಲರಿಗೂ ಅದೇ ಜಾಗ. ಕೇರಳದತ್ತ ಹೋಗುವ ವಾಹನಗಳಿಗೂ ಅದೇ ದಾರಿ. ಅದೇ ಹೆದ್ದಾರಿ ಅಂತರಸಂತೆಯ ಆಚೆ ನಾಗರಹೊಳೆಯ ಕಾಡನ್ನು ಹೊಕ್ಕು ಬಾವಲಿಯ ಗಡಿಯತ್ತ ಸಾಗುವಾಗ ಮತ್ತೊಂದು ವೇಷ ತಾಳುತ್ತದೆ. ಅಲ್ಲಿ ಆನೆ, ಕಡವೆಗಳು ದಾಟುವ ಜಾಗವೆಂಬುದೇ ಅದರ ಮುಖ್ಯ ಗುಣ. ಆದುದರಿಂದಲೇ ಆ ಭಾಗದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹೆಸರು ಒಂದೇ ಆದರೂ ಕಾಡಿನಲ್ಲಿ ಕೆಲಸಕ್ಕೆ ತಕ್ಕ ನಿಯಮವನ್ನು ಮಾಡಿದ ನಾವು, ಜನವಸತಿಯ ನಡುವೆ ಅದೇ ವಿವೇಕವನ್ನು ತೋರಲು ಏಕೆ ಹಿಂಜರಿಯಬೇಕು? ಕಾಡುಪ್ರಾಣಿಗೆ ಸಿಕ್ಕ ಮರ್ಯಾದೆ ರಸ್ತೆ ದಾಟುವ ಮಗುವಿಗೂ ಸಿಗಬೇಡವೇ?

ವಿರುದ್ಧ ದಿಕ್ಕಿನ ತೊಡಕೂ ಇದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ಸೀಮೆ. ಎಲೆ ಹದಗೊಳಿಸುವ ಬ್ಯಾರನ್‌ಗಳಿಗೆ ಸೌದೆ ಹೊತ್ತ ಲಾರಿಗಳು ಹಳ್ಳಿಯೊಳಕ್ಕೆ ಬರುತ್ತವೆ. ಸುಗ್ಗಿಯ ಬಳಿಕ ಹರಾಜು ಮಾರುಕಟ್ಟೆಗಳಿಗೆ ಬೇಲುಗಳು ಹೊರಡುತ್ತವೆ. ಕಡತದಲ್ಲಿ ಗ್ರಾಮೀಣ ರಸ್ತೆಯೆನಿಸಿಕೊಂಡದ್ದು ವರ್ಷದ ಕೆಲವು ತಿಂಗಳು ವಾಣಿಜ್ಯ ರಸ್ತೆಯಾಗಿ ದುಡಿಯುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಪ್ರಸಿದ್ಧ ರಸ್ತೆ ಪ್ರಯೋಗವು, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆಂದು ತೋರಿಸಿಕೊಟ್ಟಿತು. ನಮ್ಮಲ್ಲಿ 2018ರಲ್ಲಿ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಅದೇ ಲೆಕ್ಕದಲ್ಲಿ ಇಷ್ಟು ಏರಿಕೆಯಿಂದಲೇ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಲಾರಿಯ ಭಾರ ಏರಿದಾಗ ಹಳ್ಳಿಯ ರಸ್ತೆಯ ಜಲ್ಲಿಯೂ ದಪ್ಪವಾಗಲಿಲ್ಲ, ಪಂಚಾಯಿತಿಯ ಗಂಟೂ ದೊಡ್ಡದಾಗಲಿಲ್ಲ. ರಸ್ತೆ ಕಿತ್ತುಹೋದಾಗ ನಾವು ದೂರುವುದು ಗುತ್ತಿಗೆದಾರನನ್ನು. ಅವನ ಪಾಲಿನ ತಪ್ಪು ಇರಬಹುದು. ಆದರೆ ಸೈಕಲ್ಲಿಗೂ ಟ್ರ್ಯಾಕ್ಟರಿಗೂ ಅಳತೆ ಮಾಡಿದ ರಸ್ತೆಯ ಮೇಲೆ ಲಾರಿಯನ್ನು ಓಡಿಸಿದ್ದು ದರ್ಜೆಯ ದೋಷ.

ದರ್ಜೆ ಎಷ್ಟು ಕಾಗದದ ಸಂಗತಿ ಎಂಬುದನ್ನು ಒಂದು ರಾಷ್ಟ್ರೀಯ ಪ್ರಸಂಗವೇ ತೋರಿಸಿಕೊಟ್ಟಿದೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರುಗಳೊಳಗೆ ಮದ್ಯ ಮಾರಾಟವನ್ನು ನಿಷೇಧಿಸಿತು. ಕೂಡಲೇ ಹಲವು ರಾಜ್ಯಗಳಿಗೆ, ಊರೊಳಗೆ ಹಾದುಹೋಗುವ ತಮ್ಮ ಹೆದ್ದಾರಿಗಳು ಹೆದ್ದಾರಿಗಳೇ ಅಲ್ಲವೆಂಬ ಜ್ಞಾನೋದಯವಾಯಿತು. ಒಂದು ಅಧಿಸೂಚನೆಯಿಂದ ಅವು ಜಿಲ್ಲಾ ರಸ್ತೆಗಳಾದವು, ನಗರ ರಸ್ತೆಗಳಾದವು. ಒಂದು ಜಲ್ಲಿಕಲ್ಲೂ ಅಲುಗದೆ ದರ್ಜೆ ಬದಲಾಯಿತು. ಶಾಲಾ ಮಕ್ಕಳ ಸುರಕ್ಷತೆಗಾಗಿ ಆಗದೆ ಉಳಿದ ಮರುವಿಂಗಡಣೆ ಅಬಕಾರಿ ವರಮಾನಕ್ಕಾಗಿ ಕೆಲವೇ ವಾರಗಳಲ್ಲಿ ಆಯಿತು ಎಂಬುದನ್ನು ನೆನಪಿಡಬೇಕು.

ಆಡಳಿತದ ವಿಂಗಡಣೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಹಣ ಬಿಡುಗಡೆಯಾಗಲು, ಭೂಮಿ ಪಡೆಯಲು, ಒತ್ತುವರಿ ತೆರವು ಮಾಡಲು, ನ್ಯಾಯಾಲಯದಲ್ಲಿ ಉತ್ತರ ಹೇಳಲು ಒಬ್ಬ ಒಡೆಯ ಇರಲೇಬೇಕು. ಸರ್ಕಾರಿ ಸೇವೆಯ ದಿನಗಳಲ್ಲಿ ನಾನು ಕುಳಿತ ತಾಲ್ಲೂಕು, ಜಿಲ್ಲಾ ಮಟ್ಟದ ಪರಿಶೀಲನಾ ಸಭೆಗಳಲ್ಲಿ ರಸ್ತೆಯ ವಿಷಯ ಬಂದಾಗಲೆಲ್ಲ ಜನಪ್ರತಿನಿಧಿಗಳ ಬೇಡಿಕೆ ಒಂದೇ ಆಗಿರುತ್ತಿತ್ತು: ನಮ್ಮ ರಸ್ತೆಯನ್ನು ಮೇಲ್ದರ್ಜೆಗೆ ಏರಿಸಿ. ಅವರ ತರ್ಕ ಸರಿಯಾದುದೇ, ಹಣವಿರುವುದು ಮೇಲಿನ ದರ್ಜೆಯಲ್ಲಿ. ಆದರೆ 12 ಮೀಟರಿನ ಜಾಗದಲ್ಲಿರುವ ರಸ್ತೆಗೆ 25 ಮೀಟರಿನ ಹೆಸರನ್ನಿಟ್ಟರೆ ಅಗಲ ಬರುವುದಿಲ್ಲ. ಪಕ್ಕದ ಮನೆಗಳಿಗೆ ತೆರವಿನ ಭಯ ಬರುತ್ತದೆ, ಬೀದಿಗೆ ವೇಗ ಬರುತ್ತದೆ. ಬಡ್ತಿ ಸಿಕ್ಕ ಮಾತ್ರಕ್ಕೆ ಗುಮಾಸ್ತನ ಕೋಣೆ ದೊಡ್ಡದಾಗುವುದಿಲ್ಲವಷ್ಟೆ.

ಕೆಲಸವನ್ನು ನೋಡಿ ರಸ್ತೆಯನ್ನು ಆರಿಸುವ ಪ್ರಯತ್ನ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲು ಸೀಮೆಯಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ವಸತಿಗಳಿಗೆ ಒಂದು ಸರ್ವಋತು ರಸ್ತೆ ಎಂಬ ಗುರಿಯಿಂದ ಹೊರಟಿತು. 2019ರಲ್ಲಿ ಬಂದ ಅದರ ಮೂರನೆಯ ಹಂತವು ಹಲವು ಹಳ್ಳಿಗಳ ಸಂಚಾರವನ್ನು ಹೊರುವ ರಸ್ತೆಗಳನ್ನು, ಮಾರುಕಟ್ಟೆ, ಪ್ರೌಢ ಶಿಕ್ಷಣದ ಶಾಲೆ, ಆಸ್ಪತ್ರೆಗಳಿಗೆ ಕೂಡಿಸುವ ರಸ್ತೆಗಳನ್ನು ಗುರುತಿಸಿ ಬಲಪಡಿಸಲು ಹೇಳಿತು. ಇದು ಒಡೆತನವನ್ನು ಬದಿಗಿಟ್ಟು ಉಪಯೋಗವನ್ನು ಎಣಿಸಿದ ಕ್ರಮ. ಹಾಡಿಗಳ ವಿಷಯದಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಪ್ರಕರಣವು, ಗ್ರಾಮಸಭೆಯ ಶಿಫಾರಸಿದ್ದರೆ ರಸ್ತೆಯೂ ಸೇರಿದಂತೆ ಪಟ್ಟಿಮಾಡಿದ ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳ ಮಿತಿಯೊಳಗೆ, ಬಳಸಲು ಅವಕಾಶ ಕೊಟ್ಟಿದೆ. ಅಂದರೆ ದಾರಿ ಮುಚ್ಚಿಲ್ಲ. ಅದನ್ನು ಬಳಸುವ ಸಂಕಲ್ಪ ಬೇಕು.

ಜಿಲ್ಲಾಡಳಿತ ಮಾಡಬಹುದಾದ ಮೂರು ಕೆಲಸಗಳು ನನಗೆ ತೋಚುತ್ತವೆ. ಮೊದಲನೆಯದಾಗಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಒಂದು ರಸ್ತೆ ವಹಿ ಇರಲಿ. ಅದರಲ್ಲಿ ಪ್ರತಿ ರಸ್ತೆಯ ಒಡೆಯ, ದರ್ಜೆ, ಜಾಗದ ಅಗಲ, ಕೊನೆಯ ದುರಸ್ತಿಯ ವರ್ಷ ಇವುಗಳ ಪಕ್ಕದಲ್ಲಿ ಅದು ಮಾಡುವ ಕೆಲಸವನ್ನೂ ಬರೆಯಲಿ. ಗ್ರಾಮ ಸಡಕ್ ರಸ್ತೆಯ ಬದಿಯಲ್ಲಿ ಕಾಣುವ ಮಾಹಿತಿ ಫಲಕ ಉಳಿದ ರಸ್ತೆಗಳಿಗೂ ಬರಲಿ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 198ಎ ಪ್ರಕರಣವು, ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ರಸ್ತೆಯ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಹೊಣೆಗಾರ ಯಾರೆಂದು ತಿಳಿಯದ ನಾಗರಿಕನಿಗೆ ಆ ಕಾನೂನಿನಿಂದ ಪ್ರಯೋಜನವೇನು?

ಎರಡನೆಯದಾಗಿ, ಹೆದ್ದಾರಿ ಊರೊಳಗೆ ಹಾಯುವ ಉದ್ದವನ್ನು ಬೇರೆಯಾಗಿಯೇ ಗುರುತಿಸಿ, ಅಲ್ಲಿ ವೇಗಮಿತಿ, ಪಾದಚಾರಿ ದಾರಿ, ದಾಟುವ ಜಾಗ, ಬಸ್ಸು ನಿಲ್ಲುವ ಕೊಲ್ಲಿ ಇವು ಹೆದ್ದಾರಿ ಕಾಮಗಾರಿಯ ಅಂದಾಜುಪಟ್ಟಿಯಲ್ಲಿಯೇ ಸೇರಲಿ. ಮೂರನೆಯದಾಗಿ, ಭಾರ ಹೊರುವ ಗ್ರಾಮೀಣ ರಸ್ತೆಗೆ ದರ್ಜೆಯ ಬಡ್ತಿಗಾಗಿ ಕಾಯಿಸದೆ, ವಾಹನ ಗಣತಿಯ ಆಧಾರದ ಮೇಲೆ ನಿರ್ವಹಣೆಯ ಹಣ ಒದಗಲಿ. ವಾಹನಗಣತಿಯನ್ನು ಸೌದೆಯೂ ಬೇಲೂ ಓಡಾಡುವ ತಿಂಗಳುಗಳಲ್ಲಿಯೇ ಮಾಡಬೇಕೆಂಬುದು ಬೇರೆ ಹೇಳಬೇಕಾಗಿಲ್ಲ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ಐದು ಇಲಾಖೆಗಳ ಎಂಜಿನಿಯರುಗಳು ಒಂದು ನಕ್ಷೆಯ ಸುತ್ತ ಕುಳಿತು, ಹಾಡಿಯಿಂದ ಆಸ್ಪತ್ರೆಯವರೆಗಿನ ಹಾದಿಯನ್ನು ಒಂದೇ ಗೆರೆಯಾಗಿ ಎಳೆದರೆ ಸಾಕು. ಆ ಗೆರೆ ಎಲ್ಲಿ ತುಂಡಾಗುತ್ತದೆಯೋ ಅಲ್ಲಿಂದ ಮುಂದಿನ ವರ್ಷದ ಕ್ರಿಯಾಯೋಜನೆ ಆರಂಭವಾಗಲಿ.